ಗುಳ್ಳೆ ಎಣಿಸುವ ಅಕ್ಕ

ನಾನು ಅವಳನ್ನು ಮೊದಲು ಕಂಡ ದಿನವೇ ಅವಳ ಅಪ್ಪ ಟ್ರೇಲರಿನ ಕೆಳಗೆ ಸಿಕ್ಕಿಕೊಂಡರು. ಇಪ್ಪತ್ತೆರಡು ವರ್ಷಗಳಾದವು. ಈಗಲೂ ಚಳಿಗಾಲದ ಬೆಳಿಗ್ಗೆ ಎಲ್ಲಾದರೂ ಹಳೆಯ ಟ್ರ್ಯಾಕ್ಟರಿನ ಸದ್ದು ಕೇಳಿದರೆ, ಕೈಯಲ್ಲಿರುವ ಲೋಟವನ್ನು ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ಇಡದಿದ್ದರೆ ಚೆಲ್ಲುತ್ತದೆ.

ಅಂದು ಶಾಲೆಗೆ ರಜೆ. ತರಗತಿಗಳನ್ನು ಬೆಚ್ಚಗಿಡುವ ಒಲೆಗಳಿಗೆ ಸೌದೆ ಬರುವುದಿತ್ತು. ಇಳಿಸಿಕೊಳ್ಳಲೆಂದು ನಾನೂ ಶಾಲೆಯ ಅಡುಗೆಯಮ್ಮನೂ ಬಂದಿದ್ದೆವು. ಅಂಗಳದ ನಲ್ಲಿಯ ಬಾಯಲ್ಲಿ ನೀರು ಗಟ್ಟಿಯಾಗಿ ಬೆರಳುದ್ದ ನೇತಾಡುತ್ತಿತ್ತು. ಟ್ರ್ಯಾಕ್ಟರು ಬಂದಾಗ ಅದರ ಮೇಲೆ ಇಬ್ಬರಿದ್ದರು. ಓಡಿಸುತ್ತಿದ್ದವರು ರಿಪೇರಿ ಅಂಗಡಿಯ ಯಜಮಾನರು; ದಾರಿಯುದ್ದಕ್ಕೂ ಯಾರನ್ನೋ ಬೈಯುತ್ತ ಬರುವುದು ಅವರ ಅಭ್ಯಾಸ. ಚಕ್ರದ ಮೇಲಿನ ತಗಡಿನ ಮೇಲೆ ಕಿವಿ ಮುಚ್ಚಿ ಮಫ್ಲರು ಸುತ್ತಿಕೊಂಡು ಕುಳಿತಿದ್ದವಳು ಮಗಳು. ಇಪ್ಪತ್ತಾರು ಇಪ್ಪತ್ತೇಳರ ಪ್ರಾಯ. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು.

"ಮೇಷ್ಟ್ರೇ, ಇವಳು ನನ್ನ ಮಗಳು. ಅಂಗಡೀಲಿ ನನಗಿಂತ ಜಾಸ್ತಿ ಮಾತು ನಡೆಯೋದು ಇವಳದ್ದೇ," ಎಂದರು ಯಜಮಾನರು.

"ಅಪ್ಪ ಬೈಯೋ ಹೊತ್ತಿನಲ್ಲಿ ಯಾರಾದ್ರೂ ಕೆಲಸ ಮಾಡ್ಬೇಕಲ್ಲ ಸಾರ್," ಎಂದಳು ಅವಳು.

ಟ್ರೇಲರಿನ ಕಬ್ಬಿಣದ ತೊಟ್ಟಿಯ ಮುಂಭಾಗವನ್ನು ಮೇಲಕ್ಕೆತ್ತಿದರೆ ಸೌದೆ ಹಿಂದಕ್ಕೆ ಜಾರಿ ಬೀಳುತ್ತದೆ. ಎತ್ತುವುದು ಎಣ್ಣೆಯ ಒತ್ತಡ. ಟ್ರ್ಯಾಕ್ಟರಿನ ಹೊಟ್ಟೆಯಲ್ಲಿರುವ ಪಂಪು ಎಣ್ಣೆಯನ್ನು ಹೀರಿ ತಳ್ಳುತ್ತದೆ. ಸೀಟಿನ ಪಕ್ಕದ ಲಿವರನ್ನು ಮೇಲಕ್ಕೆಳೆದರೆ ತೊಟ್ಟಿ ಏಳುತ್ತದೆ, ನಡುವೆ ಇಟ್ಟರೆ ನಿಲ್ಲುತ್ತದೆ, ಕೆಳಕ್ಕೆ ತಳ್ಳಿದರೆ ಎಣ್ಣೆ ವಾಪಸು ಹರಿದು ತೊಟ್ಟಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ನಾನು ಕಂಡದ್ದು ಇಷ್ಟೇ: ಪಂಪು ಕಿರುಚಿತು, ತೊಟ್ಟಿ ಅಲ್ಲಲ್ಲಿ ತಡೆದು ತಡೆದು ಎದ್ದಿತು, ಸೌದೆ ಬಿದ್ದಿತು. ತಳಕ್ಕೆ ಹಿಮಗಟ್ಟಿ ಅಂಟಿಕೊಂಡಿದ್ದ ನಾಲ್ಕಾರು ದಿಮ್ಮಿಗಳು ಮಾತ್ರ ಬೀಳಲಿಲ್ಲ. ಯಜಮಾನರು ಲಿವರನ್ನು ನಡುವೆ ಇಟ್ಟು ಎಂಜಿನ್ನು ಆರಿಸಿ, ಹಾರೆಯಿಂದ ಅವನ್ನು ಕೀಳಲು ಅರ್ಧ ಗಂಟೆ ಗುದ್ದಾಡಿದರು. ಆ ಅರ್ಧ ಗಂಟೆಯಲ್ಲಿ ಎಣ್ಣೆ ಮತ್ತೆ ತಣ್ಣಗಾಯಿತು.

ಕೊನೆಗೆ ಅವರು ಲಿವರನ್ನು ಕೆಳಕ್ಕೆ ತಳ್ಳಿದರು. ತೊಟ್ಟಿ ಅಲುಗಲಿಲ್ಲ.

"ಯಾವುದೋ ತುಂಡು ಸಿಕ್ಕೊಂಡಿದೆ. ಇದಕ್ಕೂ ನನ್ನ ಕಂಡ್ರೆ ಆಗಲ್ಲ," ಎನ್ನುತ್ತ, ಮೇಲೆತ್ತಿದ್ದ ತೊಟ್ಟಿಗೂ ಅಡಿಯ ಚೌಕಟ್ಟಿಗೂ ನಡುವೆ ತಲೆ, ಭುಜ ತೂರಿಸಿ ಹುಡುಕತೊಡಗಿದರು. ಮಗಳು ನಮ್ಮ ಕಡೆ ಬೆನ್ನು ಮಾಡಿ ಸೌದೆ ಜೋಡಿಸುತ್ತಿದ್ದಳು.

ಒಳಗಿಂದ ಅವರ ಬೈಗುಳ ಕೇಳುತ್ತಲೇ ಇತ್ತು. ಒಂದು ಮಾತಿನ ನಡುವೆ ಅದು ನಿಂತಿತು.

ಅವಳು ಕೈಯಲ್ಲಿದ್ದ ದಿಮ್ಮಿಯನ್ನು ಅಲ್ಲೇ ಬಿಟ್ಟು ತಿರುಗಿದಳು. ತೊಟ್ಟಿ ಇಳಿಯುತ್ತಿತ್ತು. ಸದ್ದೇ ಇಲ್ಲ. ಗಡಿಯಾರದ ದೊಡ್ಡ ಮುಳ್ಳು ನಡೆಯುವಷ್ಟು ನಿಧಾನವಾಗಿ ಆ ಕಬ್ಬಿಣ ಇಳಿದು ಯಜಮಾನರ ಎಡ ಭುಜವನ್ನೂ ಎದೆಯನ್ನೂ ಚೌಕಟ್ಟಿಗೆ ಒತ್ತಿ ಹಿಡಿದಿತ್ತು. ಅಷ್ಟು ನಿಧಾನವಾಗಿ ಬರುವ ಸಾವನ್ನು ನಾನು ಬೇರೆಲ್ಲೂ ನೋಡಿಲ್ಲ.

"ಮೇಷ್ಟ್ರೇ! ಲಿವರ್! ಸೀಟಿನ ಪಕ್ಕದ್ದು! ನಡುವಿಗೆ ತನ್ನಿ!"

ಸೀಟಿನ ಪಕ್ಕದಲ್ಲಿ ಎರಡು ಲಿವರುಗಳಿದ್ದವು. ನನ್ನ ಕೈ ಎರಡರ ನಡುವೆ ಗಾಳಿಯಲ್ಲಿ ನಿಂತುಬಿಟ್ಟಿತು.

"ಕೆಂಪು ಗುಂಡಿ ಇರೋದು! ನಡುವಿಗೆ ಸಾರ್, ನಡುವಿಗೆ!"

ಎಳೆದೆ. ತೊಟ್ಟಿ ನಿಂತಿತು. ಅವಳು ಎರಡು ದಿಮ್ಮಿಗಳನ್ನು ಎತ್ತಿ ಎರಡೂ ಕಡೆ ಆನಿಕೆ ಕೊಟ್ಟಳು. ಇನ್ನು ಅದು ಕೆಳಗೆ ಬರುವಂತಿರಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಅವಳು ಎಂಜಿನ್ನು ಹಚ್ಚಿ ಲಿವರನ್ನು ಮೇಲಕ್ಕೆಳೆದಾಗ ಪಂಪು ಕಿರುಚಿತೇ ಹೊರತು ತೊಟ್ಟಿ ಕೂದಲೆಳೆಯಷ್ಟೂ ಏಳಲಿಲ್ಲ. ಜ್ಯಾಕು ಇದ್ದದ್ದು ಅಂಗಡಿಯಲ್ಲಿ. ಹೋಗಿ ಬರಲು ಮುಕ್ಕಾಲು ಗಂಟೆ. ಯಜಮಾನರ ಉಸಿರು ಅಷ್ಟು ಹೊತ್ತು ತಡೆಯುವ ಹಾಗೆ ಕಾಣಲಿಲ್ಲ. ಸಣ್ಣದಾಗಿ, ಅರ್ಧರ್ಧ ಬರುತ್ತಿತ್ತು.

ಅವಳು ಬಗ್ಗಿ ಪಂಪನ್ನು ಮುಟ್ಟಿ ನೋಡಿದಳು. "ಆಯಿಲ್ ಬಿಗಿದಿದೆ. ನಾನೇ ಹಾಕಿದ್ದು," ಎಂದಳು.

ಆ ಟ್ರ್ಯಾಕ್ಟರಿನಲ್ಲಿ ಎಣ್ಣೆ ನುಸುಳದಂತೆ ತಡೆಯುವ ರಬ್ಬರ್ ಸೀಲುಗಳು ಸವೆದಿದ್ದವು. ಬೇಸಗೆಯಲ್ಲಿ ಬಿಸಿಯಾದ ಎಣ್ಣೆ ಸಂದಿಯಲ್ಲಿ ನುಸುಳಿ, ಎತ್ತಿದ ತೊಟ್ಟಿ ತಾನಾಗಿ ಕುಸಿಯುತ್ತಿತ್ತು. ಸೀಲು ಬದಲಿಸಬೇಕೆಂದರೆ ಯಂತ್ರದ ಅರ್ಧ ಹೊಟ್ಟೆ ಬಿಚ್ಚಬೇಕು. ಕೊಯ್ಲಿನ ಕಾಲ, ಪುರುಸೊತ್ತಿಲ್ಲ. ಅವಳು ಒಂದು ಉಪಾಯ ಮಾಡಿ, ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ದ ತೆಳು ಎಣ್ಣೆಯನ್ನು ಬಸಿದು, ಗೇರಿಗೆ ಹಾಕುವ ಮಂದ ಎಣ್ಣೆ ತುಂಬಿದ್ದಳು. ತೊಟ್ಟಿ ಎತ್ತಿದಲ್ಲೇ ಬಂಡೆಯಂತೆ ನಿಂತಿತು. ನನ್ನ ಮಗಳು ಡಾಕ್ಟರು ಎಂದು ಅಪ್ಪ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದರು. ಚಳಿ ಬಂದಾಗ ಏನು ಮಾಡುತ್ತೀಯೆ ಎಂದು ಒಮ್ಮೆ ಕೇಳಿದ್ದರಂತೆ. ನೋಡೋಣ ಬಿಡಿ ಎಂದಿದ್ದಳಂತೆ. ಆ ಎಣ್ಣೆ ಈಗ ಅಂಟಿನ ಪಾಕದಂತಾಗಿ, ಇಳಿಯುವಾಗ ಕೂಡಲೇ ಹರಿಯದೆ, ಆಮೇಲೆ ಮೆಲ್ಲಗೆ ಹರಿದು ಅಪ್ಪನನ್ನು ಮೋಸಗೊಳಿಸಿತ್ತು. ಏಳಿಸುವಾಗ ಪಂಪಿನ ಬಾಯಿಗೇ ಬರುತ್ತಿರಲಿಲ್ಲ.

ಅಡುಗೆಯಮ್ಮ ಚಹಾಕ್ಕೆಂದು ಇಟ್ಟಿದ್ದ ದೊಡ್ಡ ಕೆಟಲನ್ನು ಎತ್ತಿಕೊಂಡು ಓಡಿ ಬಂದರು. ನೀರು ಕೊತಕೊತ ಕುದಿಯುತ್ತಿತ್ತು. ಮಗಳು ಟ್ರ್ಯಾಕ್ಟರಿನ ಹೊಟ್ಟೆಯಡಿ ಮಲಗಿ, ಪಂಪಿಗೂ ಎಣ್ಣೆ ಹೀರುವ ಕೊಳವೆಗೂ ಗೋಣಿ ಸುತ್ತಿದಳು. ಕೆಟಲು ಕೈಗೆ ಬಂದಿತು. ಆದರೆ ಅವಳು ಸುರಿಯಲಿಲ್ಲ.

"ತಣ್ಣೀರು ಕೊಡಿ ಅಮ್ಮಾ, ಬೆರೆಸ್ಬೇಕು."

ನನಗೆ ತಡೆಯಲಾಗಲಿಲ್ಲ. "ಸುರಿಯೇ ತಾಯಿ! ಅಲ್ಲಿ ನಿಮ್ಮಪ್ಪ ಸಾಯ್ತಿದ್ದಾರೆ!" ಎಂದು ಕೂಗಿದೆ. ಮೂವತ್ತು ವರ್ಷ ಪಾಠ ಹೇಳಿದವನು ಒಬ್ಬಳು ಹೆಣ್ಣುಮಗಳ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು.

"ಪಂಪು ಬೀಡು ಕಬ್ಬಿಣದ್ದು ಸಾರ್. ಕುದಿಯೋ ನೀರು ಬಿದ್ರೆ ಸೀಳಿಬಿಡತ್ತೆ. ಆಮೇಲೆ ಪಂಪೇ ಇರಲ್ಲ," ಎಂದಳು. ನೀರಿನಲ್ಲಿ ಬೆರಳದ್ದಿ ನೋಡಿದಳು, ಇನ್ನಷ್ಟು ತಣ್ಣೀರು ಬೆರೆಸಿದಳು, ಮತ್ತೆ ಬೆರಳದ್ದಿದಳು. ಅಪ್ಪ ನರಳಿದರು. ಅವಳು ಆ ಕಡೆ ನೋಡಲಿಲ್ಲ. ನೋಡಿದ್ದರೆ ಕುದಿಯುವುದನ್ನೇ ಸುರಿದುಬಿಡುತ್ತಿದ್ದೆ ಎಂದು ಆಮೇಲೆ ನನ್ನೊಡನೆ ಹೇಳಿದಳು.

ಉಗುರುಬೆಚ್ಚಗಿನ ನೀರನ್ನು ಮೊದಲು ಸುರಿದಳು. ಆಮೇಲೆ ಕೈ ತಾಳುವಷ್ಟು ಬಿಸಿಯದು. ಅಡುಗೆಯಮ್ಮ ಒಲೆಯ ಮೇಲಿನ ಹಂಡೆಯಿಂದ ತುಂಬಿಕೊಟ್ಟ ಎರಡನೆಯ ಕೆಟಲೂ ಮುಗಿಯಿತು. ಪಂಪು ಇನ್ನೂ ಕಿರುಚುತ್ತಿತ್ತು. ಯಜಮಾನರು ನರಳುವುದನ್ನು ನಿಲ್ಲಿಸಿದ್ದರು. ಅಡುಗೆಯಮ್ಮ ಅವರ ಕೈ ಹಿಡಿದು, "ಬೈಯಿರಿ ಅಣ್ಣಾ, ನನ್ನನ್ನಾದ್ರೂ ಬೈಯಿರಿ," ಎಂದು ಅಳುತ್ತಿದ್ದರು. ನಾನು ಅವಳು ಹೇಳಿದಂತೆ ಲಿವರನ್ನು ಮೇಲಕ್ಕೆಳೆದು ಹಿಡಿದಿದ್ದೆ.

ಮೂರನೆಯ ಕೆಟಲಿನಲ್ಲಿ ಸದ್ದು ಬದಲಾಯಿತು. ಕಿರುಚಾಟ ಇಳಿದು ಗುರುಗುಟ್ಟಿತು. ತೊಟ್ಟಿ ಒಮ್ಮೆ ಅದುರಿ, ನಾಲ್ಕು ಬೆರಳು ಮೇಲೆದ್ದಿತು. ಅಷ್ಟು ಸಾಕಾಯಿತು. ಅವಳು ಮತ್ತೂ ಒಂದು ದಿಮ್ಮಿ ತುರುಕಿ, ಅಪ್ಪನನ್ನು ಕಂಕುಳಿಗೆ ಕೈ ಹಾಕಿ ಹೊರಗೆಳೆದಳು.

ಎಡ ಹೆಗಲಿನ ಮುಂದಿನ ಎಲುಬು ಮುರಿದಿತ್ತು, ಎರಡು ಪಕ್ಕೆಲುಬು ಬಿರುಕುಬಿಟ್ಟಿದ್ದವು. ಬದುಕಿದರು. ಎಡಗೈ ಮಾತ್ರ ಭುಜದ ಮೇಲಕ್ಕೆ ಎಂದೂ ಏಳಲಿಲ್ಲ.

ಅಪ್ಪ ಆಸ್ಪತ್ರೆಯಿಂದ ಬರುವ ಮೊದಲೇ ಅವಳು ಟ್ರ್ಯಾಕ್ಟರಿನ ಹೊಟ್ಟೆ ಬಿಚ್ಚಿ ಸೀಲು ಬದಲಿಸಿ, ತೆಳು ಎಣ್ಣೆ ತುಂಬಿದ್ದಳು. ಆದರೆ ಒಂದು ವರ್ಷ ಯಾವ ಟ್ರ್ಯಾಕ್ಟರಿನ ಲಿವರನ್ನೂ ಮುಟ್ಟಲಿಲ್ಲ. ಯಾರಾದರೂ ಯಾವ ಎಣ್ಣೆ ಹಾಕಲಿ ಎಂದು ಕೇಳಿದರೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಒಂದು ದಿನ ಶಾಲೆಗೆ ಬಂದು, ಖಾಲಿ ಶಾಯಿ ಸೀಸೆಗಳಿದ್ದರೆ ಕೊಡುತ್ತೀರಾ ಎಂದಳು. ಒಂಬತ್ತು ಸಿಕ್ಕವು. ಒಂದೊಂದರಲ್ಲೂ ಒಂದೊಂದು ಎಣ್ಣೆಯನ್ನು ಮುಕ್ಕಾಲು ತುಂಬಿ, ಮುಚ್ಚಳ ಬಿಗಿದು, ಅಂಗಡಿಯ ಕಿಟಕಿಯ ಹೊರಗೆ ಸಾಲಾಗಿ ಇಟ್ಟಳು. ಬೆಳಿಗ್ಗೆ ಒಂದೊಂದನ್ನೇ ತಲೆಕೆಳಗು ಮಾಡಿ, ಒಳಗಿನ ಗಾಳಿಯ ಗುಳ್ಳೆ ಮೇಲೇರುವವರೆಗೆ ಎಣಿಸುವಳು. ನಾಲ್ಕೈದು ಎಣಿಸುವುದರೊಳಗೆ ಏರಿದರೆ ಆ ಚಳಿಗೆ ಆ ಎಣ್ಣೆ ನಡೆದೀತು. ಹದಿನೈದಾದರೂ ಗುಳ್ಳೆ ನಡುದಾರಿಯಲ್ಲೇ ಇದ್ದರೆ ಆ ಸೀಸೆಯನ್ನು ಪಕ್ಕಕ್ಕಿಡುವಳು. ಅಂಥದಕ್ಕೆ ಅವಳಿಟ್ಟ ಹೆಸರು ಅಪ್ಪನ ಎಣ್ಣೆ. ಅವಳನ್ನು ಊರೆಲ್ಲ ಗುಳ್ಳೆಯಕ್ಕ ಎಂದು ಕರೆಯತೊಡಗಿದ್ದು ಆಗಿನಿಂದ.

ಈಗ ಅವಳ ಕೂದಲು ಅಲ್ಲಲ್ಲಿ ನರೆತಿದೆ. ಅಂಗಡಿ ಅವಳದೇ. ನಾನು ನಿವೃತ್ತನಾದ ಮೇಲೆ ಚಳಿಗಾಲದಲ್ಲಿ ಬೆಳಗಿನ ಚಹಾ ಅಲ್ಲೇ. ಎಂಬತ್ತು ದಾಟಿದ ಅಪ್ಪ ಒಲೆಯ ಬದಿ ಕುಳಿತು, ಮಗಳ ಎಣಿಕೆ ತಪ್ಪಿಸಲೆಂದೇ "ಹನ್ನೊಂದು, ಏಳು, ಇಪ್ಪತ್ತು," ಎನ್ನುತ್ತಾರೆ.

"ಸುಮ್ನಿರಪ್ಪಾ, ನಿಂಗೆ ಎಣಿಸೋಕೆ ಬರ್ತಿದ್ರೆ ಅವತ್ತು ಕೆಳಗೆ ಹೋಗ್ತಾನೇ ಇರ್ಲಿಲ್ಲ," ಎನ್ನುತ್ತಾಳೆ ಅವಳು.

ಇಂದು ಬೆಳಿಗ್ಗೆ ಒಬ್ಬ ರೈತ ತನ್ನ ಮುದಿ ಟ್ರ್ಯಾಕ್ಟರು ತಂದಿದ್ದ. "ಅಕ್ಕಾ, ತೊಟ್ಟಿ ಕುಸೀತದೆ. ಒಂದಿಷ್ಟು ಮಂದ ಆಯಿಲ್ ಹಾಕ್ಬಿಡಿ, ಈ ಚಳಿ ಕಳೆದ್ರೆ ಸಾಕು."

"ಸೀಲು ಹೋಗಿದ್ರೆ ಸೀಲು ಹಾಕೋಣ. ತೆಳುವಾದ್ದೇ ಹಾಕೋದು. ಮೂರು ದಿನ ಬಿಟ್ಟು ಬಾ."

"ಮೂರು ದಿನಾನಾ?"

"ನಾಲ್ಕು ಮಾಡ್ಲಾ?"

ಅವನು ಟ್ರ್ಯಾಕ್ಟರಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೋದ. ಅವಳು ತಳದ ತಿರುಪು ಸಡಿಲಿಸಿ, ಮೊದಲು ಬಂದ ಎಣ್ಣೆಯನ್ನು ಬಟ್ಟಲಿಗೆ ಹಿಡಿದು ನೋಡಿದಳು. ಅಡಿಯಲ್ಲಿ ನೀರು ನಿಂತಿದ್ದರೆ ಅದು ಹಿಮಗಟ್ಟಿ ಎಣ್ಣೆ ಸೋಸುವ ಜಾಲರಿ ಕಟ್ಟಿಕೊಳ್ಳುತ್ತದಂತೆ. ನೀರಿರಲಿಲ್ಲ. ತಿರುಪು ಬಿಗಿದು, ತೊಟ್ಟಿಯನ್ನು ಎತ್ತಿ, ಕೆಂಪು ಬಣ್ಣ ಬಳಿದ ಕಬ್ಬಿಣದ ಆನಿಕೆಯನ್ನು ಅಡಿಗೆ ಕೊಟ್ಟು ನೋಡಬೇಕಾದದ್ದನ್ನೆಲ್ಲ ನೋಡಿದಳು. ಕೊನೆಗೆ ಆನಿಕೆ ತೆಗೆದು, ಸೀಟಿಗೆ ಹತ್ತಿ, ಲಿವರಿನ ಮೇಲೆ ಕೈಯಿಟ್ಟು ಕೇಳಿದಳು:

"ಕೆಳಗೆ ಯಾರೂ ಇಲ್ಲ ತಾನೆ?"

ಅಂಗಡಿಯಲ್ಲಿ ಇದ್ದವರು ಮೂವರೇ. ಅಪ್ಪ ಒಲೆಯ ಬಳಿ, ನಾನು ಬೆಂಚಿನ ಮೇಲೆ. ಇಬ್ಬರೂ ಅವಳ ಕಣ್ಣೆದುರೇ ಇದ್ದೆವು.

"ಇಲ್ಲಮ್ಮಾ," ಎಂದೆವು.

ಅವಳು ಇಳಿದು ಬಂದು, ಬಗ್ಗಿ, ಅಡಿಯಲ್ಲಿ ಒಮ್ಮೆ ನೋಡಿದಳು. ಮತ್ತೆ ಹತ್ತಿ ಕೇಳಿದಳು. ನಾವು ಮತ್ತೆ ಇಲ್ಲ ಎಂದೆವು. ನಾನು ಲೋಟವನ್ನು ಮೇಜಿನ ಮೇಲಿಟ್ಟೆ. ಆಮೇಲೆ ಅವಳು ಲಿವರನ್ನು ಕೆಳಕ್ಕೆ ತಳ್ಳಿದಳು.