ಅಕ್ಕನಿಗೊಂದು ಗ್ರೌಂಡ್ ಫ್ಲೋರ್ ಮನೆ

ನಾನು ಐರ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಅಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಕಿಟಕಿ ತೆಗೆಯುತ್ತೇವೆ. ಆಮೇಲೆ ಹಾಸಿಗೆ ಬದಲಾಯಿಸಿ, ಗೋಡೆಯ ಮೇಲಿದ್ದ ಮೊಮ್ಮಕ್ಕಳ ಫೋಟೋಗಳನ್ನು ಇಳಿಸಿ ಒಂದು ಡಬ್ಬಕ್ಕೆ ಹಾಕುತ್ತೇವೆ. ಸ್ವಲ್ಪ ದಿನದಲ್ಲೇ ಅದೇ ಮಂಚಕ್ಕೆ ಇನ್ನೊಬ್ಬರು ಬರುತ್ತಾರೆ. ಹಿಂದಿನವರು ಯಾವ ನಕ್ಷತ್ರದಲ್ಲಿ ಹೋದರು ಎಂದು ಯಾರೂ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಕ್ಕನಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನನಗೆ ಬಂದ ಸಿಟ್ಟಿಗೆ ಅರ್ಧ ಕಾರಣ ಇದೇ.

ಅಕ್ಕ ನನಗಿಂತ ತುಂಬಾ ದೊಡ್ಡವಳು. ಮದುವೆಯಾಗಲಿಲ್ಲ. ಜಯನಗರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡು ನನ್ನನ್ನು ಓದಿಸಿದಳು, ವಿಮಾನ ಹತ್ತಿಸಿದಳು. ಬನಶಂಕರಿಯಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಎಷ್ಟೋ ವರ್ಷದಿಂದ ಬಾಡಿಗೆಗಿದ್ದಳು. ಕ್ಯಾನ್ಸರ್ ಲಿವರಿಗೂ ಹರಡಿದ ಮೇಲೆ ಆಸ್ಪತ್ರೆಯವರು, ಇನ್ನು ನಾವು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಔಷಧಿ ಕೊಡುತ್ತೇವೆ ಅಂದರು. ಮನೆಗೆ ಬಂದ ವಾರವೇ ಕೆಳಗಿನ ಓನರಮ್ಮ ಮೆಟ್ಟಿಲು ಹತ್ತಿ ಬಂದು, ಮಗಳು ಇಲ್ಲಿಗೇ ಬಂದು ಇರ್ತಾಳಂತೆ, ಮನೆ ಬೇಕಾಗತ್ತೆ ಅಂತ ರಾಗ ಎಳೆದರು.

ಅಕ್ಕ ಫೋನಿನಲ್ಲಿ ನಗುತ್ತಲೇ ಹೇಳಿದಳು. "ಆ ಮಗಳು ಎಲ್ಲೂ ಬರ್ತಿಲ್ಲ ಕಣೇ. ಹೋದ ತಿಂಗಳು ತಾನೇ ಅವಳ ಬ್ಲೌಸ್ ಕೊರಿಯರ್ ಮಾಡ್ಸಿದೀನಿ. ನಾನು ಇಲ್ಲೇ ಹೋಗ್ಬಿಡ್ತೀನಿ ಅಂತ ಭಯ ಅವರಿಗೆ. ಪಂಚಕ ಗಿಂಚಕ ಬಂದ್ರೆ ಏನ್ ಮಾಡ್ತಾರೆ ಪಾಪ."

ಧನಿಷ್ಠಾ ಪಂಚಕ ಅಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ನಕ್ಷತ್ರಗಳಿರುವಾಗ ಒಂದು ಮನೆಯಲ್ಲಿ ಸಾವಾದರೆ ಆ ಮನೆಗೆ ದೋಷ. ಶಾಂತಿ ಮಾಡಿಸಿ, ಬೀಗ ಹಾಕಿ, ತಿಂಗಳುಗಟ್ಟಲೆ ಬೇರೆ ಎಲ್ಲಾದರೂ ಇರಬೇಕು. ಇಲ್ಲದಿದ್ದರೆ ಅದೇ ಮನೆಯಲ್ಲಿ ಇನ್ನೊಂದು ಸಾವು ಅಂತ ನಂಬಿಕೆ. ಇದನ್ನು ಮೂಗು ಮುರಿದು ಹೇಳುವ ಯೋಗ್ಯತೆ ನನಗಿಲ್ಲ. ಅಪ್ಪ ಹೋದಾಗ ನಾವೂ ವಿಲ್ಸನ್ ಗಾರ್ಡನ್ನಿನ ಮನೆಗೆ ಬೀಗ ಜಡಿದು ಚಿಕ್ಕಪ್ಪನ ಮನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಆರು ತಿಂಗಳು ಮಲಗಿದ್ದೆವು. ಆಗ ನನಗೆ ಅದು ತಪ್ಪು ಅನ್ನಿಸಿರಲಿಲ್ಲ.

ನೀನೇ ಹೊರಟು ಬರಬಹುದಿತ್ತಲ್ಲ ಅಂತ ಕೆಲವರು ಆಮೇಲೆ ಕೇಳಿದರು. ಆ ವರ್ಷದ ರಜೆಯಲ್ಲಿ ನನಗೆ ಉಳಿದದ್ದು ಒಂದು ತುಂಡು. ಅದನ್ನು ಯಾವಾಗ ಉಪಯೋಗಿಸಬೇಕು ಅಂತ ತೀರ್ಮಾನಿಸಿದವಳೂ ಅಕ್ಕನೇ. "ಈಗ ಬಂದು ಮುಖ ನೋಡ್ಕೊಂಡು ಹೋದ್ರೆ ಆಮೇಲೆ ಯಾರೇ ಬರ್ತಾರೆ? ಕೊನೇಲಿ ಬಾ" ಅಂದಳು, ಹೊಲಿದ ಬಟ್ಟೆ ಒಯ್ಯಲು ಯಾವತ್ತು ಬರಬೇಕು ಅಂತ ಗಿರಾಕಿಗೆ ಹೇಳುವ ಧಾಟಿಯಲ್ಲಿ. ಹಾಗಾಗಿ ಮನೆಯನ್ನು ನಾನು ಫೋನಿನಲ್ಲೇ ಹುಡುಕಿದೆ.

ಬೆಂಗಳೂರಿನ ಕಡೆಯಿಂದ ಕಾಲು ಸವೆಸಿದವಳು ಅಕ್ಕನ ಗೆಳತಿ, ರಿಟೈರಾದ ಸ್ಕೂಲ್ ಮೇಡಂ. ಸ್ಕೂಟರಿನಲ್ಲಿ ಗಲ್ಲಿಗಲ್ಲಿ ಸುತ್ತಿ, ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡ್ ಕಂಡಲ್ಲಿ ನಿಲ್ಲಿಸಿ ನನಗೆ ವೀಡಿಯೋ ಕಾಲ್ ಮಾಡುತ್ತಿದ್ದಳು. ಫೋನ್ ಹಿಡಿಯುವುದು ಅವಳಿಗೆ ಕೊನೆಗೂ ಬರಲಿಲ್ಲ. ನಾನು ಕೆಲಸಕ್ಕೆ ಹೋಗುವ ಮುಂಚೆ ಬಸ್ ಸ್ಟಾಪಿನ ಚಳಿಯಲ್ಲಿ ನಿಂತು ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳ ಸೀಲಿಂಗ್ ಫ್ಯಾನುಗಳನ್ನೂ ಅವಳ ಹೆಬ್ಬೆರಳನ್ನೂ ನೋಡಿದೆ. ಬೇಕಾಗಿದ್ದದ್ದು ದೊಡ್ಡದೇನಲ್ಲ. ಗ್ರೌಂಡ್ ಫ್ಲೋರ್, ಯಾಕೆಂದರೆ ಅಕ್ಕನಿಗೆ ಮೆಟ್ಟಿಲು ಆಗುತ್ತಿರಲಿಲ್ಲ. ರಸ್ತೆಗೆ ಒಂದು ಕಿಟಕಿ, ಯಾಕೆಂದರೆ ಅವಳಿಗೆ ಜನರನ್ನು ನೋಡಬೇಕಿತ್ತು. ಉಳಿದದ್ದು ಹೇಗಿದ್ದರೂ ಸರಿ.

ಬಾಡಿಗೆ ಮನೆಗಳ ಆಪಿನಲ್ಲಿ ಮೊದಲ ಪ್ರಶ್ನೆಯೇ ಫ್ಯಾಮಿಲಿಯೋ ಬ್ಯಾಚುಲರೋ ಅಂತ. ತಲೆ ನರೆತ ಅಕ್ಕ ಇದರಲ್ಲಿ ಯಾವುದು ಅಂತ ಗೊತ್ತಾಗದೆ ಫ್ಯಾಮಿಲಿ ಅಂತ ಒತ್ತಿದೆ. ಜಯನಗರದಲ್ಲಿ ಒಬ್ಬ ಆಂಟಿ ಮನೆಯನ್ನು ಪ್ರೀತಿಯಿಂದ ತೋರಿಸಿದರು. ವೆಜ್ಜಾ, ಯಾವ ಕಡೆಯವರು, ನೀರು ಜಾಸ್ತಿ ಖರ್ಚು ಮಾಡ್ತಾರಾ, ಎಲ್ಲವೂ ಆಯಿತು. ಯಾರು ಇರ್ತಾರೆ ಅಂದಾಗ ನಾನು ನಿಜ ಹೇಳಿದೆ. "ಅಯ್ಯೋ ಪಾಪ" ಅಂದರು. ಮನಸಾರೆಯೇ ಅಂದರು. ಮಧ್ಯಾಹ್ನದ ಹೊತ್ತಿಗೆ, ಮನೆಗೆ ಪೇಂಟ್ ಮಾಡಿಸಬೇಕಂತೆ, ಈಗ ಕೊಡಲ್ಲವಂತೆ ಅಂತ ಬ್ರೋಕರ್ ಮೆಸೇಜ್ ಹಾಕಿದ. ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಿನಲ್ಲಿ ಓನರ್ ಒಪ್ಪಿದ್ದರು, ಅವರು ಇರುವುದು ಬೇರೆ ಕಡೆ. ಆದರೆ ಅಸೋಸಿಯೇಷನ್ ಸೆಕ್ರೆಟರಿ ಬಂದು, "ಮೇಡಂ, ತಪ್ಪು ತಿಳ್ಕೋಬೇಡಿ, ಏನಾದ್ರೂ ಆದ್ರೆ ಎಲ್ಲಾ ಫ್ಲ್ಯಾಟ್ನವರೂ ಒಂದೇ ಗೇಟಲ್ಲಿ ಓಡಾಡ್ಬೇಕು, ಮಕ್ಳಿರ್ತಾರೆ" ಅಂದ. ನಮ್ಮ ಮೇಡಂ ಫೋನನ್ನು ಅವನ ಮುಖಕ್ಕೆ ಹಿಡಿದು, "ನೀವೇ ಹೇಳಿ ಅವಳಿಗೆ" ಅಂದಳು. ಅವನು ಅಲ್ಲಿಂದ ನುಣುಚಿಕೊಂಡ. ಬೇಗೂರಿನ ಆಚೆ ಏನೂ ಕೇಳದೆ ಕೊಡುವ ಒಂದು ಮನೆ ಸಿಕ್ಕಿತ್ತು. ಅದನ್ನು ಅಕ್ಕ ಬೇಡ ಅಂದಳು. ಅಷ್ಟು ದೂರ ತನ್ನನ್ನು ನೋಡಲು ಯಾರೂ ಬರುವುದಿಲ್ಲ, ಗೋಡೆ ನೋಡಿಕೊಂಡು ಕೂತಿರಲಾರೆ ಅಂದಳು.

ಆಮೇಲೆ ನಾನೂ ಸುಳ್ಳು ಕಲಿತೆ. ಬೆನ್ನು ನೋವು ಅಂದೆ, ಬಿದ್ದು ಸೊಂಟ ಉಳುಕಿದೆ ಅಂದೆ. ಆದರೆ ಸೊಂಟ ಉಳುಕಿದವರಿಗೆ ಯಾರೂ ಹೊರದೇಶದಿಂದ ಇಷ್ಟು ಆತುರದಲ್ಲಿ ಮನೆ ಹುಡುಕುವುದಿಲ್ಲ. ಜನ ದಡ್ಡರಲ್ಲ. ನಾನು ಕೆಲಸದಲ್ಲಿ ಯಾವುದೋ ಮುದುಕಿಯ ಬಾಯಿಗೆ ಒದ್ದೆ ಹತ್ತಿ ಒತ್ತುತ್ತಾ, ಈ ಹೆಂಗಸಿಗೆ ಸಾಯಲು ಗಾರ್ಡನ್ ವ್ಯೂ ಇರುವ ರೂಮಿದೆ, ನಮ್ಮಕ್ಕನಿಗೆ ಇಡೀ ಜಯನಗರದಲ್ಲಿ ಒಂದು ಗೋಡೆಯ ಮೂಲೆ ಇಲ್ಲ ಅಂತ ಹಲ್ಲು ಕಚ್ಚುತ್ತಿದ್ದೆ. ಆ ಮುದುಕಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಜೆ.ಪಿ. ನಗರದ ಮನೆ ಸಿಕ್ಕಿದ್ದು ಅಕ್ಕನ ಹಳೆಯ ಗಿರಾಕಿಯೊಬ್ಬರ ಕಡೆಯಿಂದ. ಮೇಲೆ ಓನರ್ ಒಬ್ಬರೇ ಇದ್ದರು, ವಯಸ್ಸಾದವರು, ಬ್ಯಾಂಕಿನಿಂದ ರಿಟೈರಾದವರು. ಕೆಳಗಿನ ಮನೆಗೆ ರಸ್ತೆಯ ಕಡೆ ದೊಡ್ಡ ಕಿಟಕಿ, ಕಿಟಕಿಯ ಮುಂದೆ ಹೊಂಗೆಮರ. ಅವರಿಗೆ ಸುಳ್ಳು ಹೇಳುವುದು ಬೇಡ ಅಂತ ಅಕ್ಕ ಪಟ್ಟು ಹಿಡಿದಳು. ನಾನು, ಅಕ್ಕ, ಅವರು, ಮೂವರೂ ಫೋನಿನಲ್ಲಿ ಮಾತಾಡಿದೆವು. ಎಲ್ಲ ಕೇಳಿಸಿಕೊಂಡು ಅವರು ಹೇಳಿದರು:

"ನಮ್ಮ ಮನೆಯವರು ಪಂಚಕದಲ್ಲಿ ಹೋದ್ರಮ್ಮ. ಬೀಗ ಹಾಕ್ಬೇಕಿತ್ತು. ನಾನು ಅವೆಲ್ಲ ನಂಬಲ್ಲ ಅಂತ ಇಲ್ಲೇ ಇದ್ದೆ. ಮುಂದಿನ ವರ್ಷ ಮಗ ಹೋದ, ಬೈಕಲ್ಲಿ. ನಂಬ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ಆದ್ರೆ ಇನ್ನೊಂದ್ಸಲ ನನ್ ಕೈಲಿ ಆಗಲ್ಲ. ಮನೆ ಕೊಡ್ತೀನಿ. ಕೊನೇ ಹೊತ್ತಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀವಿ ಅಂತ ಮಾತು ಕೊಡಿ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಆಯ್ತು ಸಾರ್" ಅಂದಳು. "ಅಡ್ವಾನ್ಸ್ ಕಡಿಮೆ ಮಾಡಿ" ಅಂತಲೂ ಸೇರಿಸಿದಳು. ಅವರು ಮಾಡಿದರು.

ಮನೆ ಹೊಕ್ಕ ದಿನ, ಅಕ್ಕನ ಜೊತೆ ಇರಲು ಬಂದಿದ್ದ ಮೇಡಂ ಹಾಲು ಉಕ್ಕಿಸಿದಳು. ಅಕ್ಕ ಕಿಟಕಿಯ ಪಕ್ಕದ ಮಂಚದ ಮೇಲೆ ಒರಗಿಕೊಂಡು, ಗ್ಯಾಸ್ ಕಮ್ಮಿ ಮಾಡೇ, ಸ್ಟವ್ ಒರೆಸೋರು ಯಾರು ಅಂತ ಅಲ್ಲಿಂದಲೇ ಗದರುವುದು ನನಗೆ ಫೋನಿನಲ್ಲಿ ಕೇಳಿಸಿತು. ಆ ಮನೆಯಲ್ಲಿ ಅವಳು ಸುಖವಾಗಿದ್ದಳು, ಅದನ್ನು ಹೇಳಲೇಬೇಕು. ರಸ್ತೆಯಲ್ಲಿ ಹೋಗುವ ಹೆಂಗಸರ ಬ್ಲೌಸುಗಳಿಗೆ ನಂಬರ್ ಕೊಡುತ್ತಿದ್ದಳು. ತೋಳು ಎಳೀತಾ ಇದೆ, ಬೆನ್ನು ಜಾರ್ತಾ ಇದೆ, ಎಲ್ಲಿ ಹೊಲಿಸ್ತಾರೋ ಅಂತ ಬೈಯುತ್ತಿದ್ದಳು. ಓನರ್ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ಮಲ್ಲಿಗೆ ತಂದು ಕಿಟಕಿಯ ಸರಳಿಗೆ ಸಿಕ್ಕಿಸಿ ಮೇಲೆ ಹೋಗುತ್ತಿದ್ದರು. ಅವರನ್ನು ದ್ವೇಷಿಸಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ.

ಅಕ್ಕ ಊಟ ಬಿಟ್ಟಳು ಅಂತ ಗೊತ್ತಾದಾಗ ಹೊರಟು ಬಂದೆ. ಬಂದ ದಿನವೇ ಅವಳಿಗೆ ಹೇಳಿದೆ, ಆಸ್ಪತ್ರೆಗೆ ಹೋಗೋದು ಬೇಡ, ಬಾಗಿಲು ಹಾಕ್ಕೊಂಡು ಸುಮ್ನೆ ಇರೋಣ, ಆದ್ಮೇಲೆ ಅವರಿಗೆ ಹೇಳಿದ್ರಾಯ್ತು ಅಂತ. ಮೂಳೆ ಮಾತ್ರ ಉಳಿದಿದ್ದ ಕೈಯಲ್ಲಿ ನನ್ನ ಕೆನ್ನೆಗೆ ಒಂದು ತಟ್ಟಿದಳು. "ಮಾತು ಕೊಟ್ಟಿದೀನಿ" ಅಂದಳು. ನಾನು ಮೇಲ್ನೋಟಕ್ಕೆ ತಲೆಯಾಡಿಸಿದೆ, ಒಳಗೆ ಒಪ್ಪಲಿಲ್ಲ.

ನನ್ನ ಕೆಲಸದಿಂದಾಗಿ ಲಕ್ಷಣಗಳು ನನಗೆ ಗೊತ್ತು. ಮಂಡಿಯ ಚರ್ಮ ನೀಲಿಯಾಗುವುದು, ಉಸಿರು ನಿಂತು ನಿಂತು ಬರುವುದು. ನಾನು ಬಂದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವು ಶುರುವಾದವು. ಮೇಡಂಗೂ ನಾನು ಹೇಳಲಿಲ್ಲ. ಕರ್ಟನ್ ಎಳೆದೆ, ಅಕ್ಕನ ತುಟಿ ಒದ್ದೆ ಮಾಡಿದೆ, ಪಕ್ಕದಲ್ಲಿ ಕೂತೆ. ಇನ್ನು ಸ್ವಲ್ಪ ಹೊತ್ತು ಯಾರೂ ಬಾರದಿದ್ದರೆ ಸಾಕು ಅಂತ ಇದ್ದೆ. ಕರ್ಟನ್ ಎಳೆದದ್ದೇ ತಪ್ಪಾಯಿತು. ಹಗಲು ಹೊತ್ತಿನಲ್ಲಿ ಆ ಕಿಟಕಿ ಒಂದು ದಿನವೂ ಮುಚ್ಚಿರಲಿಲ್ಲ. ಓನರ್ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡಲಿಲ್ಲ. ಎರಡೂ ಕೈ ಜೋಡಿಸಿಕೊಂಡಿದ್ದರು.

"ಅಮ್ಮಾ, ಆಂಬುಲೆನ್ಸ್ ಕರೀಲಾ?"

"ಬೇಡ" ಅಂದೆ.

ಬೆಳಿಗ್ಗೆಯಿಂದ ಮಾತೇ ಆಡದಿದ್ದ ಅಕ್ಕ ಕಣ್ಣು ಬಿಡದೆಯೇ ಹೇಳಿದಳು, "ನನ್ ಚಪ್ಪಲಿ ಎಲ್ಲೇ?"

ಕೊನೆಯ ಹೊತ್ತಿನಲ್ಲಿ ಚಪ್ಪಲಿ ಕೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೋಟು ಕೇಳುತ್ತಾರೆ, ಬ್ಯಾಗು ಕೇಳುತ್ತಾರೆ, ಬಸ್ಸು ಬಂತಾ ಅನ್ನುತ್ತಾರೆ. ನಾವು, ಬಂತು, ಇನ್ನೇನು ಹೊರಡೋಣ ಅಂತ ಕೈ ಹಿಡಿದುಕೊಳ್ಳುತ್ತೇವೆ, ಅಷ್ಟೆ. ಅಕ್ಕ ಕೊಟ್ಟ ಮಾತಿಗೆ ಹೊರಟಳೋ, ಎಲ್ಲರಂತೆ ಸುಮ್ಮನೆ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಬಾಗಿಲಲ್ಲಿದ್ದ ಆ ಮನುಷ್ಯ ಅಷ್ಟು ಕೇಳಿದ್ದೇ ಅಳಲು ಶುರು ಮಾಡಿದರು. ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಕ್ಕನ ಊದಿದ ಕಾಲಿಗೆ ಚಪ್ಪಲಿ ಹತ್ತಲಿಲ್ಲ. ಮೇಡಂ ಅವನ್ನು ಸ್ಟ್ರೆಚರಿನ ಮೇಲೆ ಪಾದದ ಹತ್ತಿರ ಇಟ್ಟಳು.

ಬನಶಂಕರಿ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಸೈರನ್ ಕೂಗುತ್ತಲೇ ಇತ್ತು, ಮುಂದಿದ್ದ ಬಸ್ಸಿಗೂ ಜರುಗಲು ಜಾಗವಿರಲಿಲ್ಲ. ಅಕ್ಕ ಒಂದು ಉಸಿರು ಬಿಟ್ಟಳು. ನಾನು ಮುಂದಿನದಕ್ಕೆ ಕಾದೆ. ಅದು ಬರಲಿಲ್ಲ. ಡ್ರೈವರಿಗೆ ಸೈರನ್ ನಿಲ್ಲಿಸಿ ಅಂತ ಹೇಳಿದೆ. ಅವನಿಗೆ ಕೇಳಿಸಲಿಲ್ಲ.

ಮಾರನೆಯ ದಿನ ಚಿತಾಗಾರದಿಂದ ಬಂದು, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಹಾಲಿನಲ್ಲಿ ಕೂತಿದ್ದೆ. ಓನರ್ ಮತ್ತೆ ಬಾಗಿಲಿಗೆ ಬಂದರು. ಈ ಸಲ ಒಳಗೆ ಬಂದರು, ಕಂಕುಳಲ್ಲಿ ಪಂಚಾಂಗವಿತ್ತು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಸಮಾಧಾನ ಆಗಲಿ ಅಂತಲೇ ಹೇಳಿದರು, ಅದರಲ್ಲಿ ನನಗೆ ಅನುಮಾನವಿಲ್ಲ.

"ನೋಡ್ದೆ ಕಣಮ್ಮ. ನಕ್ಷತ್ರ ಒಳ್ಳೇದೇ ಇತ್ತು. ಏನೂ ದೋಷ ಇಲ್ಲ." ಆಮೇಲೆ ಮಂಚದ ಕಡೆ ನೋಡಿ, "ಇಲ್ಲೇ ಹೋಗಿದ್ರೂ ಪರವಾಗಿರ್ಲಿಲ್ಲ" ಅಂದರು.

ಮೇಡಂ ಅಡುಗೆಮನೆಯಿಂದ ದೀಪಕ್ಕೆ ಎಣ್ಣೆ ಹಾಕಿಕೊಂಡು ಬಂದಳು. ಪ್ರಾಣ ಹೋದ ಜಾಗದಲ್ಲಿ ದೀಪ ಇಡುವುದು ನಮ್ಮಲ್ಲಿ ಪದ್ಧತಿ, ದಿನಕರ್ಮ ಮುಗಿಯುವವರೆಗೆ ಅದು ಆರಬಾರದು. ದೀಪ ಹಿಡಿದುಕೊಂಡು ಹಾಲಿನ ನಡುವೆ ನಿಂತಳು. ಕಿಟಕಿಯ ಪಕ್ಕದ ಖಾಲಿ ಮಂಚ ನೋಡಿದಳು, ನನ್ನ ಮುಖ ನೋಡಿದಳು.

"ಎಲ್ಲಿಡ್ಲಿ?" ಅಂದಳು.

ಓನರ್ ಮಂಚದ ಕಡೆ ಕೈ ತೋರಿಸಿದರು. "ಅಲ್ಲೇ ಇಡಿ, ಅಲ್ಲೇ ಇಡಿ ಮೇಡಂ."

ಅವಳು ಹೋಗಿದ್ದು ಅಲ್ಲಲ್ಲ ಅಂದೆ. ಅವಳು ಹೋಗಿದ್ದು ಬನಶಂಕರಿ ಸಿಗ್ನಲ್ಲಿನಲ್ಲಿ, ಎಡಗಡೆಯ ಲೇನಿನಲ್ಲಿ, ಒಂದು ಬಸ್ಸಿನ ಹಿಂದೆ.