ಮೂವತ್ತೇಳನೇ ಕುಂಡ

ಮಣ್ಣಿನ ಉಪ್ಪು ಅಳೆಯುವುದಕ್ಕೆ ನನಗೆ ಸಂಬಳವಿದೆ, ಒಂದು ಮೀಟರೂ ಇದೆ. ಮಲ್ಲಿಗಮ್ಮನವರಿಗೆ ಇರುವುದು ನಾಲಿಗೆ ಮಾತ್ರ. ಒಂದು ವಾರವಿಡೀ ನಾನು ಬರೆದ ಅಂಕಿಗಳೆಲ್ಲ ತಪ್ಪು ಎಂದು ಕಂಡುಹಿಡಿದದ್ದು ಆ ನಾಲಿಗೆಯೇ. "ಕೂಸು, ನಿನ್ ಮಿಷಿನ್ನು ಸುಳ್ಳೇಳ್ತದೆ ಕಣ," ಎಂದರು, ಬಾಯಿಗಿಟ್ಟ ಚಿಟಿಕೆ ಮಣ್ಣು ಉಗಿದು. ನೋಡಿದರೆ ಬ್ಯಾಟರಿ ಸಾಯುತ್ತಾ ಬಂದಿತ್ತು. ಮೂರು ವರ್ಷದ ಬಿ.ಎಸ್ಸಿ.ಯನ್ನು ನಾಲ್ಕು ವರ್ಷ ಓದಿದವನು ನಾನು, ನನಗೆ ಹೊಳೆಯಲಿಲ್ಲ.

ಪೈರು ಬೆಳೆಸಲು ಸುತ್ತಲೂ ಬಲೆ ಕಟ್ಟಿದ ನಮ್ಮ ಬಲೆಮನೆ ಇರುವುದು ಉಡಿಗಾಲ ಊರಿನ ಆಚೆ. ಕಡಲಂಚಿನ ಒಂದು ಹುಲ್ಲಿನ ವಂಶವಾಹಿಯನ್ನು ರಾಗಿಗೆ ಸೇರಿಸಿ, ಉಪ್ಪು ಮಣ್ಣು ತುಂಬಿದ ಮೂವತ್ತಾರು ಕುಂಡಗಳಲ್ಲಿ ಬೆಳೆಸಿ ನೋಡುತ್ತಿದ್ದೇವೆ. ಇನ್ನೂ ಪರೀಕ್ಷೆಯಲ್ಲಿರುವ ಪೈರು, ನಿಯಮದ ಪ್ರಕಾರ ಒಂದು ಎಲೆಯೂ ಹೊರಗೆ ಹೋಗುವಂತಿಲ್ಲ. ಒತ್ತಾಯಿತೆಂದು ಕಿತ್ತ ಪೈರನ್ನೂ ಸುಡಬೇಕು. ಮಲ್ಲಿಗಮ್ಮ ಉಮ್ಮತ್ತೂರಿನಿಂದ ಬೆಳಗಿನ ಬಸ್ಸಿಗೆ ಬಂದು ನೀರು ಹಾಕುತ್ತಾರೆ, ಕಳೆ ಕೀಳುತ್ತಾರೆ. ಮೂವತ್ತು ವರ್ಷ ಬೇರೆಯವರ ಹೊಲದಲ್ಲಿ ಗೇದು ಕೊಂಡ ಅರ್ಧ ಎಕರೆ ಅವರಿಗಿದೆ. ಅದು ಸೌಳು ನೆಲ. ಬೇಸಿಗೆಯಲ್ಲಿ ಉಪ್ಪು ಬೆಳ್ಳಗೆ ಮೇಲೇಳುತ್ತದೆ, ಬಿತ್ತಿದ್ದು ಗೇಣುದ್ದ ಬಂದು ಒಣಗುತ್ತದೆ. ಅಲ್ಲಿ ಕೋಳಿ ಶೆಡ್ಡು ಹಾಕಿಸಬೇಕೆಂದು ಮಗ ಸಿದ್ದಾರ್ಥನ ಹಟ. "ಆ ಮಣ್ಣಲ್ಲಿ ಒಂದೇ ಒಂದು ತೆನೆ ಕಾಳು ಕಟ್ಟಿದ್ರೂ ಸುಮ್ನಾಯ್ತೀನಿ ಕಣವ್ವ," ಎಂದಿದ್ದನಂತೆ.

ಒಂದು ಬೆಳಿಗ್ಗೆ ಎಣಿಸಿದರೆ ಮೂವತ್ತೇಳು ಕುಂಡ. ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಸಾಲದು; ಮೂವತ್ತಾರು ಎಂದು ಬರೆದೆ. ಮಾರನೇ ದಿನವೂ ಮೂವತ್ತೇಳು. ಮೂಲೆಯ ಕುಂಡಕ್ಕೆ ಚೀಟಿಯೇ ಇರಲಿಲ್ಲ.

"ಅದು ನಮ್ಮೊಲದ ಮಣ್ಣು," ಎಂದರು ಮಲ್ಲಿಗಮ್ಮ, ತಲೆ ಎತ್ತದೆ. "ಒತ್ತಾಗಿರೋ ಪೈರ ಕೀಳು ಅಂದೆ ನೀನು, ಕಿತ್ತೆ. ಸುಡು ಅಂದೆ. ಜೀವ ಇರೋ ಪೈರ ಯಾರಾರ ಸುಟ್ಟಾರಾ? ಸಂದಿ ಇದ್ದ ಕಡೆ ನೆಡೋದು ನಮ್ ಕೈಗೆ ರೂಢಿ. ಒಂದ್ನ ನೆಟ್ಬುಟ್ಟೆ. ಮಣ್ಣ ಮಾತ್ರ ಊಟದ ಚೀಲದಲ್ಲಿ ತಂದೆ, ಸುಳ್ಯಾಕೇಳ್ಲಿ?"

ಆಗಲೇ ಮೇಲಿನವರಿಗೆ ಹೇಳಬೇಕಿತ್ತು. ನಾನು ಒಂದೂವರೆ ತಿಂಗಳು ಮೂವತ್ತಾರು ಎಂದೇ ಬರೆದೆ. ಅದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡಿದ್ದೆ, ಅದರಲ್ಲಿ ಅರ್ಧದಷ್ಟು ಹೆದರಿಕೆ.

ತೆನೆ ಹೊರಟ ವಾರ ಈ ಪ್ರಯೋಗದ ಹೊಣೆ ಹೊತ್ತ ವಿಜ್ಞಾನಿ ಮೃತ್ಯುಂಜಯ ಸರ್ ಬಂದು ತಾವೇ ಎಣಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಲ್ಲಿಗಮ್ಮ ಮುಂದೆ ಬಂದು, "ನಾನೇ ನೆಟ್ಟಿದ್ದು ಸಾ. ಈ ಕೂಸ್ಗೆ ಏನೂ ಗೊತ್ತಿಲ್ಲ," ಎಂದರು.

"ಗೊತ್ತಿತ್ತು ಸರ್," ಎಂದೆ. ನಾನು ಸರಿಯಾಗಿ ಕೊಟ್ಟ ಮೊದಲ ವರದಿ ಬಹುಶಃ ಅದೇ.

ಸರ್ ಇಬ್ಬರಿಗೂ ಚೆನ್ನಾಗಿ ಬೈದರು. ಆಮೇಲೆ ಆ ಕುಂಡಕ್ಕೆ ಮೀಟರು ಇಟ್ಟು ನೋಡಿದರು, ಒರೆಸಿ ಇನ್ನೊಮ್ಮೆ ಇಟ್ಟರು. ನಮ್ಮ ಯಾವ ಕುಂಡದಲ್ಲೂ ಅಷ್ಟು ಉಪ್ಪಿರಲಿಲ್ಲ.

"ಇದನ್ನ ಸುಡಲೇಬೇಕಮ್ಮ."

"ಸುಡಿ ಸಾ. ಕಾಳು ಕಟ್ತದಾ ಅಂತ ನೋಡೋಗಂಟ ತಡೀರಿ."

ನಡೆದದ್ದನ್ನೆಲ್ಲ ಬರೆಸಿ, ನನ್ನಿಂದ ಸಹಿ ಹಾಕಿಸಿಕೊಂಡು, ಎರಡು ವಾರ ಕೊಟ್ಟರು.

ಗಡುವಿನ ದಿನ ಮಲ್ಲಿಗಮ್ಮ ತೆನೆಯಿಂದ ಒಂದು ಕಾಳು ಬಿಡಿಸಿ ಉಗುರಲ್ಲಿ ಒತ್ತಿದರು. ಹಾಲು ಬಂತು. ಇನ್ನೊಂದು ಒತ್ತಿದರು. ಹಾಲು. ಗಿಡವನ್ನು ತಾವೇ ಬೇರುಸಮೇತ ಕಿತ್ತು, ಸುಡುವ ಗುಂಡಿಗೆ ಬಗ್ಗಿ ಇಳಿಸಿದರು, ಎಸೆಯಲಿಲ್ಲ. ಬೆಂಕಿ ಹತ್ತಿದ ಮೇಲೆ ನನ್ನ ಫೋನು ಕೇಳಿದರು.

"ಕಾಳು ಕಟ್ತು ಕಣ್ಲಾ ಸಿದ್ದಾರ್ಥ. ನಮ್ ಮಣ್ಣಲ್ಲೇ." ಆ ಕಡೆಯಿಂದ ಏನೋ ಕೇಳಿದ. "ಇಲ್ಲ ಕಣ, ತರಂಗಿಲ್ಲ, ಸುಟ್ಬುಟ್ಟೊ. ಬೀಜ ನಮ್ಗೆ ಸಿಕ್ಕಕ್ಕೆ ಎಷ್ಟೋ ವರ್ಸ ಆಯ್ತದಂತೆ, ಸಿಕ್ದೇನೂ ಓಗ್ಬೋದಂತೆ. ನಂಬ್ದಿದ್ರೆ ಈ ಕೂಸ ಕೇಳು."

ಫೋನು ನನ್ನ ಕೈಗೆ ಬಂತು. "ನಿಜ ಕಣಪ್ಪ. ನಾನೂ ನೋಡ್ದೆ."

"ಆಯ್ತು ಅಣ್ಣ," ಎಂದ ಸಿದ್ದಾರ್ಥ. "ಕೋಳಿ ಶೆಡ್ನೋರ್ಗೆ ಬರ್ಬ್ಯಾಡಿ ಅಂತೀನಿ. ಅವ್ವಂಗೇಳಿ."