ಅಜ್ಜಿ ಬೈದ ಸಾಹೇಬ

ಮೊನ್ನೆ ಬೈಲಹೊಂಗಲದಲ್ಲಿ ಮಗಳ ಶಾಲೆಯ ಗ್ಯಾದರಿಂಗಿಗೆ ಹೋದಾಗ, ಮಕ್ಕಳ ಮುಖಕ್ಕೆ ಬಣ್ಣ ಬಳಿಯುತ್ತಿದ್ದ ಕೋಣೆಯಿಂದ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯ ವಾಸನೆ ಬಂತು. ಅಲ್ಲೇ ನಿಂತೆ. ಅದು ನಮ್ಮ ಶೀನೂ ಕಾಕಾನ ವಾಸನೆ. ಅಪ್ಪನ ತಮ್ಮನಾದ ಕಾಕಾ ಹಗಲೆಲ್ಲ ವಕೀಲರೊಬ್ಬರ ಬಳಿ ಕಾರಕೂನ. ಕೆಂಪನೆಯ ಮೈ, ಬೆಕ್ಕಿನ ಕಣ್ಣು ಇದ್ದುದರಿಂದ ಸವದತ್ತಿಯಿಂದ ರಾಮದುರ್ಗದವರೆಗೆ ಎಲ್ಲಿ ನಾಟಕವಿದ್ದರೂ ಇಂಗ್ಲಿಷ್ ಸಾಹೇಬನ ಪಾತ್ರ ಅವನಿಗೇ ಮೀಸಲು. ಅವನಿಗೆ ಬರುತ್ತಿದ್ದ ಇಂಗ್ಲಿಷೆಂದರೆ ಕೋರ್ಟಿನ ನೋಟೀಸಿನದಷ್ಟೇ. "ವೇರ್‌ಆ್ಯಸ್ ದಿ ಡಿಫೆಂಡಂಟ್" ಎಂದು ಬೂಟು ಕುಟ್ಟಿದರೆ ಸಾಕು, ಮುರಗೋಡದ ಹಿರಿಯರೂ ಹಲ್ಲು ಕಡಿಯುತ್ತಿದ್ದರು. ನೋಡಿದ್ದರೆ ನೀವೂ ಬೈಯುತ್ತಿದ್ದಿರಿ.

ಮಡಿ, ಪೂಜೆಯಲ್ಲೇ ಇರುತ್ತಿದ್ದ ಅಜ್ಜಿ ಮಗನ ನಾಟಕವನ್ನು ಒಮ್ಮೆಯೂ ನೋಡಿರಲಿಲ್ಲ. ದೇಗಾಂವದಲ್ಲಿ ಕಿತ್ತೂರಿನ ಕಾಳಗದ ನಾಟಕವಿದ್ದಾಗ, ಕಾಕಾನ ಹೆಂಡತಿ, ಏಳು ತಿಂಗಳ ಬಸುರಿ ಕಾಕೂ, ಹಟ ಹಿಡಿದು ಅವಳನ್ನು ಕರೆತಂದಳು. ಇಬ್ಬರ ನಡುವೆ ನಾನು ಕೂತಿದ್ದೆ. ಸಾಹೇಬ ರಾಣಿಯ ಕೈಗೆ ಬೇಡಿ ಹಾಕಿಸಿ ನಕ್ಕ. ಅಜ್ಜಿ ದಡಬಡಿಸಿ ಎದ್ದಳು.

"ಲೇ ಹಲ್ಕಟ್, ನಿನ್ನ ವಂಶ ನಿರ್ವಂಶ ಆಗ್ಲಿ. ನಿನ್ನ ಮನ್ಯಾಗ ತೊಟ್ಲಾ ತೂಗಬಾರ್ದು."

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅಜ್ಜಿಯ ಕಣ್ಣು ಕಾಕೂನ ಹೊಟ್ಟೆಯ ಮೇಲೆ ಬಿತ್ತು. ತಾನು ಬೈದದ್ದು ಯಾರಿಗೆಂದು ಆಗ ಅವಳಿಗೆ ತಿಳಿಯಿತು. ನನ್ನ ಭುಜ ಹಿಡಿದು ಕೂತಳು.

ಮನೆಗೆ ಬಂದ ಕಾಕಾ ನಕ್ಕುಬಿಟ್ಟ. "ಅವ್ವಾ, ನೀ ಬೈದದ್ದು ಸಾಹೇಬಗ. ನನಗೆಲ್ಲಿ ಬಡೀತದ ಅದು?" ಅಜ್ಜಿ ನಗಲಿಲ್ಲ, ಉಪವಾಸ ಹಿಡಿದಳು. ತಿಂಗಳು ತುಂಬುವುದರೊಳಗೆ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಡಾಕ್ಟರು ಕಾರಣ ಹೇಳಿದರು, ಅಜ್ಜಿಯ ಕಿವಿಗೆ ಅದು ಬೀಳಲೇ ಇಲ್ಲ. ಚಪ್ಪಾಳೆ ತಟ್ಟಿದ ನನ್ನ ಕೈಗಳನ್ನು ನೋಡಿಕೊಂಡು ನಾನು ದಿಕ್ಕೆಟ್ಟು ಕೂತಿದ್ದೆ. ಆ ಆಘಾತ ಇಂದಿಗೂ ಮಾಸಿಲ್ಲ. ಕಾಕಾ ಮತ್ತೆ ಬಣ್ಣ ಹಚ್ಚಲಿಲ್ಲ. ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಅಜ್ಜಿ ಸೊಸೆಯ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಳು. ಕಾಕೂ ಮಾತ್ರ ದಿನಾ ತಾನೇ ಅವಳಿಗೆ ಬಡಿಸುತ್ತಿದ್ದಳು.

ವರ್ಷಗಳ ಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಗಂಜಿ ಕುಡಿಸುತ್ತಿದ್ದ ಕಾಕೂನ ಕೈ ಹಿಡಿದು, "ಅವತ್ತ ನನ್ನ ನಾಲಿಗಿ ಬಿದ್ದ ಹೋಗಬಾರ್ದಿತ್ತ?" ಎಂದಳು.

ಕಾಕೂ ಅವಳ ಬಾಯಿ ಒರೆಸಿದಳು. "ಅತ್ಯಾ, ಅವತ್ತ ನಾನೂ ಮನಸಿನ್ಯಾಗ ಸಾಹೇಬಗ ಅದನ್ನ ಬೈದಿದ್ದೆ. ಹಂಗ ಮಾಡಿದ್ರಲ್ಲ ಪಾತ್ರಾ ಅವರು."

ಬಾಗಿಲಲ್ಲಿ ನಿಂತಿದ್ದ ಕಾಕಾ ಅಲ್ಲೇ ಕುಸಿದು ಕೂತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ಮೂವರೂ ಇಲ್ಲ. ಕಿತ್ತೂರಿನ ನಾಟಕಕ್ಕೆ ಯಾರಾದರೂ ಕರೆದರೆ ಹೋಗುತ್ತೇನೆ. ಸಾಹೇಬ ಬಂದೊಡನೆ, ಬೈಗುಳ ಬಾಯಿಗೆ ಬರುವ ಮೊದಲೇ ಎದ್ದು ಹೊರಗೆ ಬರುತ್ತೇನೆ, ಆ ವೇಷ ಹಾಕಿದವನ ಮನೆಯಲ್ಲೂ ಯಾರಾದರೂ ಬಸುರಿ ಇರಬಹುದೆಂದು.